ಆರಿಸುವ ಕೈ

ತೊಗರಿ ಕ್ವಿಂಟಲಿಗೆ ಹನ್ನೊಂದು ಸಾವಿರ ದಾಟಿ
ಕಲಬುರಗಿ ಗಂಜಿನಾಗ ಪೇಡೆ ಹಂಚಿದ ದಿನ
ನನ್ನ ರಕ್ತದ ಪ್ಲೇಟ್‌ಲೆಟ್ಟೂ ಹನ್ನೊಂದೇ ಸಾವಿರ.
ಭೀಮಶಾ ಕೇಳಿದ: "ಛಲೋ ರೇಟೇನು?"
ಒಂದೂವರೆ ಲಕ್ಷ ಇರಬೇಕಿತ್ತು, ಅಂದೆ.
ಅವ ಪೇಡೆ ತಿನ್ನಲಿಲ್ಲ,
ಕಾಗದದಾಗ ಸುತ್ತಿ ಮತ್ತ ಕಿಸೆಗೆ ಇಟ್ಟ.

ಮೊದಲು ಬಂದದ್ದು ತೊಡಿ ಮ್ಯಾಲ,
ಅಂಗೈ ಅಗಲ, ನೇರಳೆಹಣ್ಣಿನ ಬಣ್ಣ.
ಆಮ್ಯಾಲ ರಟ್ಟಿಗೆ. ಆಮ್ಯಾಲ ಕಾಲ ತುಂಬ
ಸಾಸಿವಿ ಚೆಲ್ಲಿದಂಗ ಕೆಂಪು ಚುಕ್ಕಿ.
ಎಲ್ಲೂ ಬಿದ್ದಿಲ್ಲ, ಎಡವಿಲ್ಲ.
ಹಲ್ಲು ತಿಕ್ಕಿದರ ಬಚ್ಚಲ ಕೆಂಪು.

ನಳದ ಹತ್ತಿರ ಜಗದೇವಿ
ನನ್ನ ಕೊಡ ತಾನೇ ಎತ್ತಿಕೊಟ್ಟು
ಮೆಲ್ಲಕ ಕೇಳಿದಳು: "ದಿನಾ ಹೊಡಿತಾನೇನವ್ವಾ?"
ಇಲ್ಲ, ಅಂದೆ.
ಆ "ಇಲ್ಲ" ಆಕಿಗೆ ಗೊತ್ತು.
ಆರು ವರ್ಷ ಆಕಿಯೂ ಹಂಗೇ ಅಂದಾಕಿ.

ನೂರು ಕಿಲೋ ಚೀಲ ಹೊರುವ ಕೈ ಅವನವು.
ಓಣಿ ಆ ಕೈ ನೋಡಿತು, ನನ್ನ ರಟ್ಟಿ ನೋಡಿತು,
ಲೆಕ್ಕ ಮುಗಿಸಿತು.
ಚಾದಂಗಡ್ಯಾಗ ಅವನ ಪಕ್ಕ ಬಾಕು ಖಾಲಿ.
ಅವ ನನ್ನ ಮುಟ್ಟೋದೇ ಬಿಟ್ಟ.
ಜ್ವರ ನೋಡ್ಲಾಕೂ ಹಣೆಗೆ
ಬೆರಳ ಬೆನ್ನು ಮಾತ್ರ.

ದೊಡ್ಡ ದವಾಖಾನಿ, ಮೂರು ತಿಂಗಳು.
ಡೆಂಗ್ಯೂ ಅಂದರು, ಅಲ್ಲ. ಬಸುರೇನು ಅಂದರು, ಅಲ್ಲ.
ಸೊಂಟದ ಎಲುವಿಗೆ ಸೂಜಿ ಹಾಕಿ ನೋಡಿದರು.
ಕಡೀಗೆ ಒಬ್ಬ ಡಾಕ್ಟರ ಹುಡುಗಿ, ಅಫಜಲಪುರದಾಕಿ,
ಸ್ಟೂಲು ಎಳಕೊಂಡು ಕುಂತು
"ನಿಮ್ಮ ಕೆಲಸ ಏನವ್ವ?" ಅಂದಳು.
ದಾಲ್ ಮಿಲ್ಲಿನಾಗ ಬ್ಯಾಳಿ ಆರಸ್ತೀನಿ.
ಒಂದು ಗಳಿಗೆ ಸುಮ್ಮನಿದ್ದಳು.
"ನಿಮ್ಮ ಹೊಟ್ಟ್ಯಾಗ ಗುಲ್ಮ ಅಂತ ಅದ,
ಅದರದೂ ಆರಿಸೋ ಕೆಲಸ.
ಛಲೋ ಬ್ಯಾಳಿನ ಕಲ್ಲು ಅಂದ್ಕೊಂಡು
ಎತ್ತಿ ಎತ್ತಿ ಒಗಿಲಾಕತ್ತದ.
ಯಾಕಂತ ನಮಗೂ ಪೂರಾ ಗೊತ್ತಿಲ್ಲ."
ಆ ಕಡೀ ಮಾತಿಗೇ ನಾ ಆಕಿನ್ನ ನಂಬಿದ್ದು.

ಗುಳಿಗಿ ನುಂಗಿ ನುಂಗಿ
ಮಾರಿ ಹಂಚಿನ ಮ್ಯಾಲಿನ ರೊಟ್ಟಿ ಹಂಗ ಉಬ್ಬಿತು.
"ಈಗ ಸುಖದಾಗ ಇಟ್ಟಾನ" ಅಂತು ಓಣಿ.
ನುಂಗಿದರ ಏರ್ತದ, ಬಿಟ್ಟರ ಇಳಿತದ.
ಗುಣ ಅನ್ನೋ ಮಾತು ಆ ಹುಡುಗಿ ಆಡಲಿಲ್ಲ,
"ತಾಳಿಕೊಂಡು ಹೋಗೋಣು" ಅಂದಳು.
ಹೋಗ್ರಿ ಅನ್ನಲಿಲ್ಲ, ಹೋಗೋಣು.

ಭೀಮಶಾ ರಿಪೋರ್ಟು ಮಡಚಿ
ಕಿಸೆದಾಗ ಇಟ್ಟುಕೊಂಡೇ ಅಡ್ಡಾಡ್ತಾನ,
ಯಾರರ ಕೇಳಿದರ ತೋರಿಸ್ಲಾಕ.
ಮಡಿಕಿ ಹರಿಯೂ ಹೊತ್ತು ಬಂತು.
ಯಾರೂ ಕೇಳಿಲ್ಲ.

ನಿನ್ನೆ ಮಿಲ್ಲಿನಾಗ
ನಾ ಒಗೆದ ಕಸದ ರಾಶಿ ಕೆದರಿ ನೋಡಿದೆ.
ಮೂರು ಛಲೋ ಬ್ಯಾಳಿ ಇದ್ದವು.
ಇಪ್ಪತ್ತು ವರ್ಷ ಪಳಗಿದ ಕೈ.
ಬೈಲಾಕ ಮನಸಾಗಲಿಲ್ಲ ಅದಕ.

ಸಂಜಿಗೆ ಅಂದೆ: ಮೂವತ್ತೆರಡು ಸಾವಿರ.
"ತೊಗರಿ ಇಳದದ," ಅಂದ.
ರಟ್ಟಿ ಚಾಚಿದೆ. ನೀಲಿ ಹೋಗಿ
ಹಳದಿ ತಿರುಗಿತ್ತು ಕಲಿ.
ಬಾಗಲ ಕಡೆ ಒಮ್ಮೆ ನೋಡಿ
ಅವ ಅಲ್ಲಿ ಬೆರಳಿಟ್ಟ,
ತಕ್ಕಡಿಗೆ ಒಂದೇ ಕಾಳು ಇಟ್ಟಂಗ.