ಗಾಲಿಗೆ ಕಲ್ಲು

ನೌಬಿಸೆ ದಾಟಿದ ಮೇಲೆ ರಸ್ತೆ ಕಾಣುವುದಿಲ್ಲ,
ಲಾರಿಗಳ ಬೆನ್ನಷ್ಟೇ ಕಾಣುತ್ತದೆ.
ದಸೈಂ ಮುಗಿಸಿ ಕಾಠ್ಮಂಡುವಿಗೆ ಮರಳುವ ಊರೂರೇ
ಒಂದರ ಹಿಂದೊಂದು ಏರಿಗೆ ಆತುಕೊಂಡಿದೆ.
ನನ್ನ ವ್ಯಾನಿನಲ್ಲಿ ಹನ್ನೊಂದು ಹಣೆ,
ಹನ್ನೊಂದರಲ್ಲೂ ಅಕ್ಕಿ ಮೆತ್ತಿದ ಕೆಂಪು ಟೀಕಾ
ಒಣಗಿ, ಕಾಳು ಕಾಳಾಗಿ ಸೀಟಿಗೆ ಉದುರುತ್ತಿದೆ.

ಪರದೆಯ ಮೇಲೆ ನಲವತ್ತೊಂದು.
ಪರ್ಸೆಂಟು ಅಂದರೆ ಈಗ ನಮ್ಮ ಮನೆಯಲ್ಲಿ
ಮಗಳ ಮಾರ್ಕ್ಸಲ್ಲ, ಬ್ಯಾಟರಿ.

ನಾಲ್ಕಡಿ ಹೋಗು. ನಿಲ್ಲು.
ಪಾದ ಎತ್ತಿದೆನೋ ನಿಂತಿತು, ಊರಿದೆನೋ ಹೊರಟಿತು.
ಸುಟ್ಟ ಕ್ಲಚ್ಚಿನ ವಾಸನೆ ಪಕ್ಕದವನದು,
ಕರಿ ಹೊಗೆ ಮುಂದಿನವನದು,
ನಮ್ಮ ಪಾಲಿಗೆ ಬರೀ ಸದ್ದಿಲ್ಲದಿರುವುದು.
ಅದಕ್ಕೇ ನನ್ನ ಎಡಕ್ಕೆ ಕೂತ ಮುದುಕನಿಗೆ ದಿಗಿಲು.

‘ಸತ್ತುಹೋಯಿತೇ, ಮಗಳೇ?’
‘ಇಲ್ಲ ಅಜ್ಜ, ಬದುಕಿದೆ.’
‘ಮತ್ತೆ ಉಸಿರೇ ಕೇಳಿಸದು?’

ಹೆಸರು ಚಕ್ರಬೀರ್ ಆಲೆ.
(ಇಟ್ಟ ಹೆಸರು ಗಾಲಿಗೇ ಸಲ್ಲುತ್ತದೆ ಅಂತ
ಅವನಪ್ಪನಿಗೆ ಯಾವ ಜೋಯಿಸ ಹೇಳಿದ್ದನೋ.)
ಮೂವತ್ತೆರಡು ವರ್ಷ ಲಾರಿಯ ಖಲಾಸಿ.
ಇದೇ ಏರಿನಲ್ಲಿ ಗಾಡಿ ನಿಂತಾಗಲೆಲ್ಲ ಜಿಗಿದು
ಹಿಂದಿನ ಗಾಲಿಗೆ ಕಲ್ಲು ಕೊಟ್ಟವನು.
ತಗಡಿಗೆ ಒಂದು ಬಡಿತ, ನಿಲ್ಲು.
ಎರಡು ಬಡಿತ, ನಡಿ.
ಎಡಗೈಯ ಎರಡು ಬೆರಳ ತುದಿ
ಹಾಗೊಂದು ಗಾಲಿಯ ಕೆಳಗೇ ಉಳಿದವಂತೆ.
ಉಳಿದವು ಈಗ ಮೊಣಕಾಲ ಮೇಲೆ ಚಡಪಡಿಸುತ್ತಿವೆ.

‘ಇದು ತಾನೇ ಹಿಡಿದು ನಿಲ್ಲುತ್ತದೆ ಅಜ್ಜ, ಹಿಂದೆ ಜಾರುವುದಿಲ್ಲ.’
ತಲೆಯಾಡಿಸಿದ,
ಯಾರದೋ ಮನೆಯ ದೆವ್ವದ ಕತೆ ಕೇಳಿದ ಹಾಗೆ.

ಮುಂದಿನ ನಿಲುಗಡೆಗೆ ಬಾಗಿಲು ತೆರೆಯಿತು.
ಕನ್ನಡಿಯಲ್ಲಿ ಅವನು, ಚರಂಡಿಯ ಅಂಚಿನಲ್ಲಿ ಬಗ್ಗಿ
ಒಂದು ಕಲ್ಲನ್ನು ಎತ್ತಿ ನೋಡಿ ಬಿಸುಟ,
ಇನ್ನೊಂದನ್ನು ಬಿಸುಟ,
ಮೂರನೆಯದನ್ನು ಕುಂಬಳಕಾಯಿಯ ಹಾಗೆ ತೂಗಿ ನೋಡಿ
ತಂದು ಗಾಲಿಗೆ ಕೊಟ್ಟ.

ಹಿಂದಿನ ಸೀಟು ನಕ್ಕಿತು.
ನರ್ಸಿಂಗ್ ಓದುವ ಹುಡುಗಿಯೊಬ್ಬಳು ಮೊಬೈಲು ಎತ್ತಿದಳು.
ನಾನು ನಗಲಿಲ್ಲ.
ಕಂತು ಕಟ್ಟುವ ಹಿಂದಿನ ರಾತ್ರಿ ನಾನೂ ಎದ್ದು ಹೋಗಿ
ನಿಂತ ವ್ಯಾನಿನ ಬಾಗಿಲು ಎರಡೆರಡು ಸಲ ಎಳೆದು ನೋಡುತ್ತೇನೆ.

ತಗಡಿಗೆ ಎರಡು ಬಡಿತ.
ನಡೆದೆ. ನಾಲ್ಕಡಿ.
ಮತ್ತೆ ಬಾಗಿಲು, ಮತ್ತೆ ಕಲ್ಲು.
ಎಷ್ಟು ಸಲವೋ ಲೆಕ್ಕ ತಪ್ಪಿತು;
ಆಮೇಲಾಮೇಲೆ ಅವನು ಒಳಗೆ ಬರುವುದನ್ನೇ ಬಿಟ್ಟು
ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು
ವ್ಯಾನಿನ ಜೊತೆಜೊತೆಗೇ ನಡೆದ.
ಸೌತೆಕಾಯಿ ಮಾರುವವಳು ಅವನ ಕೈಗೊಂದು ಸೀಳು ಇಟ್ಟಳು,
ಉಪ್ಪು ಖಾರ ಸವರಿ. ದುಡ್ಡು ಕೇಳಲಿಲ್ಲ.
ಹಿಂದಿನ ಸೀಟೂ ಅಷ್ಟು ಹೊತ್ತಿಗೆ ನಗುವುದನ್ನು ಮರೆತಿತ್ತು.

ನಾಗಢುಂಗಾ. ನೆತ್ತಿ. ಪೊಲೀಸ್ ಚೌಕಿ.
ಇಪ್ಪತ್ತಾರು.
ಅಲ್ಲಿಂದ ಕಣಿವೆಯ ದೀಪಗಳ ಕಡೆಗೆ ಇಳಿಜಾರು;
ಪಾದ ಎತ್ತಿ ಸುಮ್ಮನೆ ಕೂತೆ.
ಬೆವರು ಒರೆಸಿಕೊಳ್ಳುತ್ತ ಅವನೇ ಮೊದಲು ಕಂಡ:
‘ಇಪ್ಪತ್ತೇಳಾಯಿತಲ್ಲ! ಯಾರು ತುಂಬಿದರು?’
‘ಯಾರೂ ಇಲ್ಲ ಅಜ್ಜ. ಇಳಿಯುವಾಗ
ಏರಿದ್ದರಲ್ಲಿ ಚೂರು ವಾಪಸು ಬರುತ್ತದೆ.’

ಥಾನಕೋಟ್ ಬರುವ ತನಕ ಮಾತಿಲ್ಲ.
ಆಮೇಲೆ ಮೊಣಕಾಲು ಸವರಿಕೊಳ್ಳುತ್ತ,
‘ಈ ಗುಡ್ಡ ನಾನೂ ಇಳಿದಿದ್ದೇನೆ,
ಮೂವತ್ತೆರಡು ವರ್ಷ.
ನನಗೆ ಒಂದು ಪೈಸೆ ಬರಲಿಲ್ಲ ನೋಡು’
ಅಂದವನೇ ಕೆಮ್ಮು ಬರುವಷ್ಟು ನಕ್ಕ.

ಕಲಂಕಿಯಲ್ಲಿ ಇಳಿದು ತಗಡಿಗೆ ಎರಡು ಬಡಿದ.
ಎದುರಿಗೆ ಕೆಂಪು ದೀಪ. ಹೋಗುವುದೆಲ್ಲಿಗೆ?
ಅವನೇ ಹೋದ.

ರಾತ್ರಿ ಚಾರ್ಜಿಗೆ ಹಾಕಿ ಅಕ್ಕಿಕಾಳು ಗುಡಿಸುವಾಗ
ಎಡಸೀಟಿನ ಅಡಿಯಲ್ಲಿ ಆ ಕಲ್ಲು,
ಒಂದು ಬದಿಗೆ ಸೌತೆಕಾಯಿಯ ಖಾರ ಅಂಟಿಕೊಂಡಿತ್ತು.
ನಮ್ಮ ಅಂಗಳ ಅಂಗೈಯಷ್ಟು ಸಪಾಟು.

ಕೊಟ್ಟೆ, ಗಾಲಿಗೆ.