ಷರಾ

ಸೂರ್ ಪಟ್ಟಣದಾಚೆ, ಕಡಲು ಕುಡಿದು ಸಿಹಿನೀರು ಉಗುಳುವ
ಕಾರ್ಖಾನೆಯಲ್ಲಿ ನನ್ನದು ಬೆಳಗಿನ ಪಾಳಿ.
ಗಾಜಿನ ಲೋಟ ಬೆಳಕಿಗೆ ಹಿಡಿಯುತ್ತೇನೆ: ಬಣ್ಣ, ಇಲ್ಲ.
ಮೂಗಿಗೆ ತರುತ್ತೇನೆ: ವಾಸನೆ, ಇಲ್ಲ.
ಒಂದು ಗುಟುಕು ನಾಲಿಗೆಯ ಮೇಲೆ ಉರುಳಿಸಿ ಉಗಿಯುತ್ತೇನೆ: ರುಚಿ, ಇಲ್ಲ.
ಕೊನೆಯ ಕಾಲಂ, ಷರಾ. ಅಲ್ಲೊಂದು ಅಡ್ಡಗೆರೆ.
ಒಂಬತ್ತು ವರ್ಷ, ಇಲ್ಲ ಎಂದು ಬರೆದದ್ದಕ್ಕೇ ಸಂಬಳ.

ಆ ಚಾಳಿ ಬೆರಳಿಗೆ ಅಂಟಿತ್ತೋ ಏನೋ,
ರಾತ್ರಿ ನೀಲಗಂಗಾಗೆ ಕಳಿಸುವ ಮೆಸೇಜೂ ಹಾಗೇ:
ಆರಾಮ ಇದ್ದೇನೆ. ಊಟ ಆಯಿತು. ಬಿಸಿಲು ಭಾಳ.
ಅವಳು ಕೊಪ್ಪಳದಲ್ಲಿ ಏಳನೇ ಇಯತ್ತೆಯ ಪ್ರಬಂಧ ತಿದ್ದುವವಳು.
ಒಂದು ದಿನ ನನ್ನದನ್ನೂ ತಿದ್ದಿದಳು:
"ಭಾಳ ಅನ್ನೂದು ಯಾವ ಅಳತೀರಿ? ಸೇರೋ, ಪಾವೋ?
ನನ್ನ ಹುಡುಗರು ಹಿಂಗ ಬರದ್ರ ಹತ್ತಕ್ಕ ಎರಡು ಕೊಡ್ತೀನಿ.
ಕೈಗೆ ಹತ್ತೂ ಹಂಗ ಬರೀರಿ."

ಕೂತೆ. ಸೂರ್ಯ ಬೆಂಕಿಯುಂಡೆ ಎಂದೆ. ಅಳಿಸಿದೆ.
ಕುಲುಮೆ ಎಂದೆ. ಕುಲುಮೆಯ ಮುಂದೆ ನಾನು ನಿಂತೇ ಇಲ್ಲ.
ಹೋಲಿಕೆಗಳೆಲ್ಲ ಬೇರೆಯವರ ಅಂಗಿ, ತೋಳು ಉದ್ದ.
ಆಮೇಲೆ ನಲ್ಲಿ ನೆನಪಾಯಿತು.

ಜೂನ್ ಬಂತೆಂದರೆ ಇಲ್ಲಿ ತಣ್ಣೀರಿನ ನಲ್ಲಿ ಕೈ ಸುಡುತ್ತದೆ.
ತಾರಸಿಯ ಟ್ಯಾಂಕು ಹಗಲೆಲ್ಲ ಕಾದಿರುತ್ತದಲ್ಲ.
ಅದಕ್ಕೆ ಗೀಸರ್ ಆರಿಸಿಬಿಡುತ್ತೇವೆ. ಬಚ್ಚಲ ನೆರಳಲ್ಲಿ
ಅದರ ಹೊಟ್ಟೆಯ ನೀರು ಮೆಲ್ಲಗೆ ಆರುತ್ತಾ ಕೂತಿರುತ್ತದೆ.
ಕೆಂಪು ಚುಕ್ಕೆಯ ನಲ್ಲಿ ತಿರುವಿದರೆ ತಂಪು, ನೀಲಿ ತಿರುವಿದರೆ ಬೊಬ್ಬೆ.
ಸೋಪು ಹತ್ತಿದ ಕಣ್ಣಲ್ಲಿ ಈಗಲೂ ಒಮ್ಮೊಮ್ಮೆ ತಪ್ಪು ತಿರುವುತ್ತೇನೆ.

ಕಳಿಸಿದೆ. ಓದಿದ ಗುರುತು ಬಿತ್ತು, ಉತ್ತರವಿಲ್ಲ.
ಬಹಳ ಹೊತ್ತಿನ ಮೇಲೆ: "ಇನ್ನ?"

ಆ "ಇನ್ನ"ದ ಬೆನ್ನು ಹತ್ತಿದೆ.
ಬಾಗಿಲು ತೆರೆದೊಡನೆ ಕನ್ನಡಕಕ್ಕೆ ಮಬ್ಬು ಕವಿಯುತ್ತದೆ,
ಒರೆಸುವ ತನಕ ಊರೆಂದರೆ ಬರಿಯ ಸದ್ದು:
ಹಳೆ ಏಸಿಯ ಗೊರಗೊರ, ಯಾರದೋ ಚಪ್ಪಲಿ,
ಮಸೀದಿಯ ಮೈಕು ಗಂಟಲು ಸರಿಮಾಡಿಕೊಳ್ಳುವುದು.
ಡ್ರೈವರ್ ಖಲ್ಫಾನ್ ಬಗ್ಗಿಸುವ ಕಹ್ವಾ ಬಟ್ಟಲಿಗೆ ಮೂರೇ ಗುಟುಕು.
ಸಾಕು ಅನ್ನುವ ಮಾತಿಲ್ಲ, ಬಟ್ಟಲು ಅಲ್ಲಾಡಿಸಬೇಕು.
ಅಲ್ಲಾಡಿಸದೆ ಮೊನ್ನೆ ಐದು ಬಟ್ಟಲು ಕುಡಿದೆ, ನಿದ್ದೆಯಿಲ್ಲ.
ದೋಣಿ ಕಟ್ಟುವ ಅಂಗಳದಲ್ಲಿ ಸಾಗುವಾನಿ ಹೆರೆಯುತ್ತಿದ್ದರು.
ಒಂದು ಮುಷ್ಟಿ ಹೊಟ್ಟು ಎತ್ತಿ ಮೂಸಿದೆ, ನೀಲಾ,
ನಿನ್ನ ಶಾಲೆಗೆ ಹೊಸ ಬೆಂಚು ಬಂದ ದಿನ
ನಿನ್ನ ಸೆರಗಿನಲ್ಲಿ ಇದೇ ಇತ್ತು.

ಹೊಗಳಿಕೆ ತಲೆಗೇರಿತು.
ಒಂದು ರಾತ್ರಿ ಕಡಲ ಮೇಲೆ ಬೆಳದಿಂಗಳ ಬೆಳ್ಳಿ ಹಾಸಿದೆ.
"ಬೆಳ್ಳಿ ಎಲ್ಲಿಂದ ತಂದ್ರಿ? ಇವತ್ತ ಅಮಾಸಿ."
ಸಿಕ್ಕಿಬಿದ್ದೆ. ನಿಜ ಹೇಳಿದೆ: ಕಡಲು ಕಾಣಲೇ ಇಲ್ಲ.
ಒಣಮೀನಿನ ನಾತ ಎತ್ತಣಿಂದ ಬಂತೋ
ಅತ್ತ ಕಡಲು ಎಂದುಕೊಂಡು ಅಂದಾಜಿನಲ್ಲಿ ನಡೆದೆ,
ಕಾಲು ಒದ್ದೆಯಾದಾಗ ನಿಂತೆ.
"ಇದಕ್ಕ ಎಂಟು," ಅಂದಳು. ಎರಡು ಯಾಕೆ ಹೋಯಿತೆಂದು ಕೇಳಲಿಲ್ಲ.

ಇವತ್ತು ಬೆಳಗ್ಗೆ ಲೋಟ ಎತ್ತಿದೆ. ಬಣ್ಣ, ಇಲ್ಲ. ವಾಸನೆ, ಇಲ್ಲ.
ಗುಟುಕು ಬಾಯಲ್ಲೇ ನಿಂತಿತು.
ಉಪ್ಪು ಕಳೆದ ನೀರಿಗೂ ಏನೋ ಉಂಟು:
ಎಳವೆಯಲ್ಲಿ ನಾಲಿಗೆಯಿಂದಲೇ ಒರೆಸಿದ ಸ್ಲೇಟು,
ಅಕ್ಷರ ಹೋಗಿದೆ, ಬಳಪ ಗೀರಿದ ದಾರಿ ಹೋಗಿಲ್ಲ.
ರುಚಿಯ ಕಾಲಂನಲ್ಲಿ ಇಲ್ಲ ಎಂದೇ ಬರೆದೆ.
ಊರ ಮಕ್ಕಳು ಕುಡಿಯುವ ನೀರು, ಅಲ್ಲಿ ಚಮತ್ಕಾರ ಸಲ್ಲದು.
ಷರಾದ ಮೇಲೆ ಪೆನ್ನು ಊರಿದೆ. ಗೆರೆ ಎಳೆಯಲಾಗಲಿಲ್ಲ.
ಹೊರಗೆ ಖಲ್ಫಾನ್ ಹಾರ್ನ್ ಹೊಡೆದ.
ಕಾಲಂನಲ್ಲಿ ಒಂದು ಶಾಯಿಯ ಚುಕ್ಕೆ, ಇನ್ನೂ ಹಸಿ.