ಮುಗಿಯಿತು ಎಂಬುದರ ಕೆಳಗ

ವಾಡಿ ಜಂಕ್ಷನ್‌ನಾಗ ನನ್ನ ಬಾಡಿಗಿ ಲೈಬ್ರರಿ:
ನಾಲ್ಕು ಫೂಟಿನ ಡಬ್ಬಾ, ತಗಡಿನ ಬಾಗಿಲ, ದಿನಕ್ಕ ಎಂಟಾಣೆ.
ಸಿಮೆಂಟಿನ ಧೂಳ ಒರೆಸಿದ್ರ ಮುಖಪುಟದ ರಕ್ತ ಕೆಂಪಗ ಕಾಣ್ತದ,
ಒರೆಸದಿದ್ರ ಎಲ್ಲಾ ಕೊಲೆನೂ ಬೂದಿಬಣ್ಣ.

ಸಾಮಾಜಿಕ ಕಾದಂಬರಿ ಹಿಂದಿನ ಸಾಲಿನ್ಯಾಗ ನಿದ್ದಿ ಹೊಡೀತಿದ್ದವು.
ನಡೆಯೋವು ಇವೇ: ಬಂಗ್ಲೆ, ಉಯಿಲು, ಆರಿಹೋದ ದೀಪ,
ಕೋಟು ಹಾಕಿದ ಪತ್ತೇದಾರ.
ನಮ್ಮ ಬಿಸಿಲಾಗ ಯಾರ್ ಕೋಟ್ ಹಾಕ್ತಾರ್ರಿ!
ಆದ್ರೂ ಗಾರ್ಡ್ ತುಳಜಾರಾಮ,
ಗೂಡ್ಸ್ ಗಾಡಿ ಸೊಲ್ಲಾಪುರ ಮುಟ್ಟೋದ್ರೊಳಗ
ಮೂರು ಹೆಣ ಮುಗಿಸ್ತಿದ್ದ.
ಸುಲೋಚನಾ ಟೀಚರ್ ಕಡೀ ಪುಟ ಮೊದಲು ಓದಿ
ಆಮ್ಯಾಲ ಕೊಂದವನ ಜೋಡಿ
ಸಾವಕಾಶ ನಡಕೋತ ಬರ್ತಿದ್ಲು.

ಒಂದ್ ಬ್ಯಾಸಗ್ಯಾಗ ಶುರು ಆತು.
‘ಮುಗಿಯಿತು’ ಅಂತ ಅಚ್ಚಾದ ಕೆಳಗ
ಪೆನ್ಸಿಲ್‌ಲೆ ಒಂದ್ ಹೆಸರು.
ಕೊಂದವಂದಲ್ಲ. ಸತ್ತಾಕಿದು.
ಒಂಬತ್ತನೇ ಪುಟದಾಗ ಸತ್ತು
ನಲವತ್ತಕ್ಕ ಎಲ್ಲಾರೂ ಮರೆತಾಕಿ, ಪತ್ತೇದಾರ ಸೈತ.
ಹೆಸರಿನ ಬಾಜೂಕ:
ಹೆಣ್ಣು, ಅಂದಾಜು ಇಪ್ಪತ್ತಾರು, ಗೋಧಿ ಬಣ್ಣ, ಹಸಿರು ಸೀರಿ.

ಮೂವತ್ತು ವರ್ಷ ಇವನ್ನೇ ಓದೀನಿ, ಬಿಡ್ತೀನೇನು?
ಖಾತೆವಹಿ ತೆಗೆದೆ, ತಾರೀಖಿಗೆ ತಾರೀಖು ತಾಳೆ ಹಾಕಿದೆ.
ಟೀಚರ್ ಅಕ್ಷರ ಗುಂಡಗ. ಗಾರ್ಡ್ ನೀಲಿ ಪೆನ್ನ ಬಿಟ್ಟಾಂವಲ್ಲ.
ಹೆಸರು ಬಿದ್ದ ಹನ್ನೊಂದೂ ಪುಸ್ತಕ ಒಯ್ದಾಂವ ಒಬ್ಬನೇ,
ಬಾಜೂ ಅಂಗಡಿ ಫೋಟೊ ಚಾಂದಪಾಶಾ.

ಹಗಲಿಗೆ ಪಾಸ್‌ಪೋರ್ಟ್ ಸೈಜು, ಮದಿವಿ, ಜವಳ.
ನಡುರಾತ್ರಿ ರೈಲ್ವೆ ಪೊಲೀಸರು ಕದ ಬಡಿದ್ರ
ಹಳಿ ಮ್ಯಾಲಿನ ಬೇವಾರಸಿ ಹೆಣ.
ಒಂದ್ ಕಾಪಿ ಠಾಣೆಗೆ, ಒಂದ್ ಪ್ಲಾಟ್‌ಫಾರ್ಮಿನ ಗೋಡಿಗೆ.

ಕತಿಯೊಳಗಿನಂಗ ಎಲ್ಲಾರ್ನೂ ಒಂದ್ ಖೋಲ್ಯಾಗ ಕೂಡಿಸಿ
ಬೆರಳ ಮಾಡಿ ತೋರಿಸೋ ಆಸೆ ಇತ್ತು ನನಗ.
ಸಂಜಿಕ ಅವನೇ ಬಂದ, ಪುಸ್ತಕ ಇಟ್ಟ, ಎಂಟಾಣೆ ಇಟ್ಟ.
“ಪಾಶಾಭಾಯಿ, ಇದರಾಗ ಕೊಂದಾಂವ ಯಾರು?”
“ಯಾರೋ ಕಾಕಾ ಇದ್ದ. ನೆನಪಿಲ್ಲ.”
“ಗೋಧಿ ಬಣ್ಣ, ಹಸಿರು ಸೀರಿ, ಇವೆಲ್ಲಾ ಪುಸ್ತಕದಾಗ ಎಲ್ಲಿ ಅದಾವ?”

ಸ್ವಲ್ಪ ಹೊತ್ತು ತಗಡ ಕೆರೀತ ನಿಂತ.
“ಪುಸ್ತಕದಾಕಿಗೆ ಹೆಸರದ, ಮಾರಿ ಇಲ್ಲ.
ನನ್ನ ಫೋಟೊದಾಕಿಗೆ ಮಾರಿ ಅದ.”

ಅವನ ತಲಿ ಮ್ಯಾಲೇ ನನ್ನ ಬೋರ್ಡು:
ಪುಸ್ತಕದಾಗ ಬರೆದವರಿಗೆ ದಂಡ ಐದು ರೂಪಾಯಿ.
ಮುಂದಿನ ಪುಸ್ತಕ ಕೊಟ್ಟೆ.
“ಇದರಾಗ ಸತ್ತಾಂವ ಗಂಡಸು,” ಅಂದೆ.
“ಚಲೋ ಆತು,” ಅಂದ. “ಮೊನ್ನಿ ಒಬ್ಬಾಂವ ಇದ್ದ.”